ಹತ್ತು ಪದದ ಕೊಲೆ, ಅರ್ಧ ಗಂಟೆಯ ಕಲ್ಲಂಗಡಿ

ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್‌ನ ‘ಮೈ ಲಾಸ್ಟ್ ಡಚೆಸ್’ ಪದ್ಯದ ಮೇಲಿನ ಉತ್ತರಗಳನ್ನು ತಿದ್ದಿದವರಿಗೆಲ್ಲ ಒಂದು ವಾಕ್ಯ ಬಾಯಿಪಾಠವಾಗಿರುತ್ತದೆ: ‘ಡ್ಯೂಕ್ ಅಹಂಕಾರಿ, ಕ್ರೂರಿ; ಅವನ ಪತ್ನಿ ಮುಗ್ಧೆ.’ ತಪ್ಪೇನಿಲ್ಲ. ಆದರೆ ಇಷ್ಟು ಹೇಳುವುದಕ್ಕೆ ಪದ್ಯವನ್ನು ಓದಬೇಕಾಗಿಲ್ಲ, ಗೈಡಿನ ಸಾರಾಂಶ ಸಾಕು. ಪಾತ್ರಗಳಿಗೆ ನಡತೆಯ ಪ್ರಮಾಣಪತ್ರ ಕೊಡುವುದೇ ವಿಮರ್ಶೆ ಎಂದು ನಾವು ಮೇಷ್ಟ್ರುಗಳೇ ಕಲಿಸಿಬಿಟ್ಟಿದ್ದೇವೆ. ತರಗತಿಯಲ್ಲಿ ನಾನು ಈಗ ಕೇಳುವ ಪ್ರಶ್ನೆ ಬೇರೆ: ಹೇಳುವವನು ಎಲ್ಲಿ ನಿಧಾನಿಸುತ್ತಾನೆ, ಯಾವುದನ್ನು ಅವಸರದಲ್ಲಿ ದಾಟಿಬಿಡುತ್ತಾನೆ?

1842ರಲ್ಲಿ ಪ್ರಕಟವಾದ ಈ ಪದ್ಯಕ್ಕೆ 56 ಸಾಲು. ಇಟಲಿಯ ಫೆರಾರಾವನ್ನು ಆಳುವ ಡ್ಯೂಕ್, ತನ್ನ ಮುಂದಿನ ಮದುವೆಯ ಮಾತುಕತೆಗೆ ಬಂದ ದೂತನಿಗೆ ಸತ್ತ ಹೆಂಡತಿಯ ಚಿತ್ರಪಟವನ್ನು ತೋರಿಸುತ್ತಿದ್ದಾನೆ. ಬ್ರೌನಿಂಗ್‌ನ ಮನಸ್ಸಿನಲ್ಲಿದ್ದವನು ಎರಡನೆಯ ಅಲ್ಫಾನ್ಸೊ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಅವನ ಮೊದಲ ಹೆಂಡತಿ ಲುಕ್ರೀಜಿಯಾ ದೆ ಮೆಡಿಚಿ 1561ರಲ್ಲಿ ತೀರಿಕೊಂಡಾಗ ಆಕೆಗೆ 16 ವರ್ಷ. ವಿಷವಿಕ್ಕಿದರೆಂಬ ಗುಮಾನಿ ಹಬ್ಬಿತ್ತು. ಕ್ಷಯವಿರಬೇಕೆಂಬುದು ಈಚಿನ ಇತಿಹಾಸಕಾರರ ಒಲವು. ಇತಿಹಾಸ ಅಷ್ಟು ಸಾಕು, ಪದ್ಯಕ್ಕೆ ಬರೋಣ.

ಹೆಂಡತಿಯ ಅಪರಾಧವೇನು? ಎಲ್ಲದಕ್ಕೂ ಸಂತೋಷಪಟ್ಟಳು. ಪಶ್ಚಿಮದಲ್ಲಿ ಇಳಿಯುವ ಹಗಲು, ತೋಟದಲ್ಲಿ ಯಾರೋ ಮುರಿದು ತಂದುಕೊಟ್ಟ ಚೆರಿ ಹಣ್ಣಿನ ಕೊಂಬೆ, ಅವಳು ಸವಾರಿ ಮಾಡುತ್ತಿದ್ದ ಬಿಳಿಯ ಹೇಸರಗತ್ತೆ, ಗಂಡ ಕೊಟ್ಟ ಒಡವೆ, ಎಲ್ಲಕ್ಕೂ ಒಂದೇ ಮೆಚ್ಚುಗೆ, ಒಂದೇ ಕೆನ್ನೆಗೆಂಪು. ಈ ಪಟ್ಟಿಗೆ ಡ್ಯೂಕ್ ಸಾಲುಸಾಲು ಸುರಿಯುತ್ತಾನೆ. ಕೊಂಬೆ ತಂದವನನ್ನು ಅವನು ‘ಫೂಲ್’ ಎಂದು ಜರೆದು, ಮರುಸಾಲಿನ ಕೊನೆಯಲ್ಲಿ ‘ಮ್ಯೂಲ್’ ಅನ್ನು ಪ್ರಾಸಕ್ಕೆ ತಂದು ಕಟ್ಟುತ್ತಾನೆ. ಹೇಸರಗತ್ತೆಗೂ ಆ ಮನುಷ್ಯನಿಗೂ ಒಂದೇ ಗೂಟ! ಕೊಲೆಗೆ ಬಂದಾಗ ಮಾತ್ರ ಲೆಕ್ಕ ಬಿಗಿ. ‘ಅದು ಬೆಳೆಯಿತು, ನಾನು ಆಜ್ಞೆ ಕೊಟ್ಟೆ, ಆಮೇಲೆ ನಗುಗಳೆಲ್ಲ ಒಟ್ಟಿಗೇ ನಿಂತವು.’ ಇಂಗ್ಲಿಷಿನಲ್ಲಿ ಇದಕ್ಕೆ ಹತ್ತೇ ಪದ. ಅದರ ಬೆನ್ನಿಗೇ ‘ಅಗೋ, ಜೀವಂತವಾಗಿರುವಂತೆ ನಿಂತಿದ್ದಾಳೆ’ ಎಂದು ಮತ್ತೆ ಚಿತ್ರಪಟದ ಕಡೆಗೆ ತಿರುಗುತ್ತಾನೆ. ಇಲ್ಲಿಯ ಪ್ರಾಸವನ್ನು ಕಿವಿಗೊಟ್ಟು ಕೇಳಬೇಕು: ‘ಕಮಾಂಡ್ಸ್’ ಮತ್ತು ‘ಸ್ಟ್ಯಾಂಡ್ಸ್’. ಅವನ ಆಜ್ಞೆಯೂ ಅವಳು ಚಿತ್ರವಾಗಿ ನಿಂತದ್ದೂ ಒಂದೇ ದ್ವಿಪದಿಯ ಎರಡು ತುದಿಗಳು. ಪದ್ಯದುದ್ದಕ್ಕೂ ವಾಕ್ಯಗಳು ಸಾಲಿನ ಅಂಚನ್ನು ದಾಟಿ ಹರಿಯುವುದರಿಂದ ಅಂತ್ಯಪ್ರಾಸ ಇದೆಯೆಂಬುದೇ ಹೊಸ ಓದುಗರಿಗೆ ತಿಳಿಯುವುದಿಲ್ಲ. ಮಾತಿನಲ್ಲಿ ತನಗೆ ಜಾಣ್ಮೆ ಸಾಲದು ಎಂದು ಈ ಆಸಾಮಿ ಬೇರೆ ಹೇಳಿಕೊಳ್ಳುತ್ತಾನೆ.

ಕೊಂದ ಸಂಗತಿಯನ್ನು ಹೊಸ ಬೀಗರ ದೂತನ ಮುಂದೆಯೇ ಹೇಳುವುದು ಮೂರ್ಖತನವಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಲ್ಲ, ಅದು ಎಚ್ಚರಿಕೆ. ಬರುವವಳಿಗೆ ತಲುಪಲಿ ಎಂದೇ ಆಡಿದ್ದು. ಬೆನ್ನಿಗೇ ಅವನು ದೂತನ ಒಡೆಯ, ಹೆಣ್ಣಿನ ತಂದೆಯಾದ ಕೌಂಟ್‌ನ ಔದಾರ್ಯದ, ತನಗೆ ಬರಬೇಕಾದ ವರದಕ್ಷಿಣೆಯ ಮಾತೆತ್ತುತ್ತಾನೆ. ವಿಮರ್ಶಕ ರಾಬರ್ಟ್ ಲ್ಯಾಂಗ್‌ಬಾಮ್ 1957ರ ತನ್ನ ಪುಸ್ತಕದಲ್ಲಿ ಇದಕ್ಕಿಂತ ಮುಜುಗರದ ಸತ್ಯವೊಂದನ್ನು ಎತ್ತಿದ: ಡ್ಯೂಕ್ ಮಾತಾಡುತ್ತಿರುವಷ್ಟು ಹೊತ್ತು ನಾವು ಅವನ ನೈತಿಕ ವಿಚಾರಣೆಯನ್ನು ಬದಿಗಿಟ್ಟು ಅವನ ಠೀವಿಗೆ ಸೋತಿರುತ್ತೇವೆ. ಮೇಲಿನ ಗೈಡು ವಾಕ್ಯ ಮುಚ್ಚಿಹಾಕುವುದು ಈ ಸೋಲನ್ನೇ.

ಈಗ ರಷ್ಯಾಕ್ಕೆ. ರಷ್ಯನ್ ಕತೆಗಳನ್ನು ನಮ್ಮಲ್ಲಿ ಬಹುತೇಕರು ಅನುವಾದದಲ್ಲೇ ಓದುವವರು, ನಾನೂ ಅಷ್ಟೇ. ಹಾಗಾಗಿ ಚೆಕಾವ್‌ನ ವಾಕ್ಯದ ನಾದದ ಬಗ್ಗೆ ನಾನು ಬಾಯಿ ಬಿಡುವುದಿಲ್ಲ. ಆದರೆ ಕತೆ ಎಲ್ಲಿ ಎಷ್ಟು ಹೊತ್ತು ಕೂತಿತು ಎಂಬ ಲೆಕ್ಕ ಅನುವಾದದಲ್ಲೂ ಕೆಡುವುದಿಲ್ಲ.

ಟಾಲ್‌ಸ್ಟಾಯ್‌ನ ‘ಅನ್ನಾ ಕರೆನಿನಾ’ 1875ರಿಂದ 1877ರವರೆಗೆ ಧಾರಾವಾಹಿಯಾಗಿ ಬಂದ ಕಾದಂಬರಿ. ಮದುವೆಯಾದ ಅನ್ನಾ ಮತ್ತು ಅವಳ ಪ್ರಿಯಕರ ವ್ರಾನ್ಸ್ಕಿ ಮೊದಲ ಬಾರಿ ಒಂದಾದ ಘಳಿಗೆಯನ್ನು ಟಾಲ್‌ಸ್ಟಾಯ್ ಚುಕ್ಕಿಗಳ ಸಾಲಿನಲ್ಲಿ ದಾಟಿಸಿ, ಆಮೇಲಿನ ಕ್ಷಣದಲ್ಲಿ ನಿಲ್ಲುತ್ತಾನೆ. ವ್ರಾನ್ಸ್ಕಿಗೆ ತಾನೊಬ್ಬ ಕೊಲೆಗಾರ, ತಾನು ಜೀವ ತೆಗೆದ ಹೆಣ ಕಣ್ಣೆದುರಿಗಿದೆ ಎಂಬ ಭಾವ. ನಿಜವಾಗಿ ಕೊಂದ ಡ್ಯೂಕ್ ತಣ್ಣಗಿದ್ದಾನೆ; ಯಾರನ್ನೂ ಕೊಲ್ಲದ ವ್ರಾನ್ಸ್ಕಿ ಕೊಲೆಗಾರನಂತೆ ನಡುಗುತ್ತಾನೆ.

ಚೆಕಾವ್ 1899ರಲ್ಲಿ ಪ್ರಕಟಿಸಿದ ‘ನಾಯಿಮರಿಯ ಜೊತೆಗಿದ್ದ ಮಹಿಳೆ’ಯಲ್ಲೂ ಅಂಥದೇ ಘಳಿಗೆ ಬರುತ್ತದೆ. ಕಡಲತೀರದ ಊರು ಯಾಲ್ಟಾದ ಹೋಟೆಲ್ ಕೋಣೆ, ಒಂಟಿ ಮೇಣದಬತ್ತಿ, ಕೂದಲು ಇಳಿಬಿಟ್ಟು ಕೂತ ವಿವಾಹಿತೆ ಅನ್ನಾ ಸೆರ್ಗೆಯೆವ್ನಾ. ಮಾಸ್ಕೋದಿಂದ ಬಂದ, ತಾನೂ ಮದುವೆಯಾದ ಗುರೋವ್‌ನ ಕಣ್ಣಿಗೆ ಅವಳು ಹಳೆಯ ಚಿತ್ರದೊಳಗಿನ ಪಾಪಿ ಹೆಣ್ಣಿನಂತೆ ಕಾಣುತ್ತಾಳೆ. ಗಮನಿಸಿ, ಇಲ್ಲೂ ಹೆಣ್ಣು ಚಿತ್ರಪಟವೇ. ಮೇಜಿನ ಮೇಲೆ ಕಲ್ಲಂಗಡಿ ಇದೆ. ಗುರೋವ್ ಒಂದು ಹೋಳು ಕತ್ತರಿಸಿಕೊಂಡು ಆತುರವಿಲ್ಲದೆ ತಿನ್ನತೊಡಗುತ್ತಾನೆ. ಕನಿಷ್ಠ ಅರ್ಧ ಗಂಟೆ ಮೌನದಲ್ಲಿ ಕಳೆಯಿತು ಎನ್ನುತ್ತಾನೆ ಚೆಕಾವ್. ಬೈಗುಳವಿಲ್ಲ, ಟೀಕೆಯಿಲ್ಲ. ಗುರೋವ್ ಎಂಥವನೆಂದು ತಿಳಿಯಲು ಆ ಅರ್ಧ ಗಂಟೆಗಿಂತ ಹೆಚ್ಚು ಸಾಕ್ಷ್ಯ ಬೇಕಿಲ್ಲ.

ಮಾಸ್ಕೋಗೆ ಮರಳಿದ ಮೇಲೆ ಕತೆ ಅವನಿಗೂ ಇದೇ ರುಚಿ ಉಣಿಸುತ್ತದೆ. ಯಾಲ್ಟಾದಲ್ಲಿ ಎಂಥ ಮೋಹಕ ಹೆಣ್ಣನ್ನು ಕಂಡೆ ಗೊತ್ತೇ ಎಂದು ಅವನು ಕ್ಲಬ್ಬಿನ ಜೊತೆಗಾರನೊಬ್ಬನ ಬಳಿ ಬಾಯಿಬಿಟ್ಟರೆ, ಆ ಅಧಿಕಾರಿ ಜಾರುಬಂಡಿ ಹತ್ತಿ ಹೊರಟವನು ಹಿಂದಕ್ಕೆ ತಿರುಗಿ ಹೇಳುವುದು: ನೀವು ಅಂದದ್ದು ಸರಿ, ಆ ಮೀನು ಸ್ವಲ್ಪ ವಾಸನೆ ಹೊಡೆಯುತ್ತಿತ್ತು! ಈ ಸಲ ಅವಸರದಲ್ಲಿ ದಾಟಿಹೋದದ್ದು ಗುರೋವ್‌ನ ಬದುಕಿನ ಮುಖ್ಯ ಸಂಗತಿ.

ಟಾಲ್‌ಸ್ಟಾಯ್‌ಗೆ ಈ ಕತೆ ಹಿಡಿಸಲಿಲ್ಲ. ಇದೆಲ್ಲ ನೀತ್ಶೆ (ರೂಢಿಯ ನೀತಿಯನ್ನು ಪ್ರಶ್ನಿಸಿದ ಜರ್ಮನ್ ತತ್ತ್ವಜ್ಞಾನಿ), ಒಳಿತು ಕೆಡುಕನ್ನು ಬೇರ್ಪಡಿಸುವ ಸ್ಪಷ್ಟ ದೃಷ್ಟಿಯೇ ಇಲ್ಲದ ಜನ ಎಂದು 1900ರ ಜನವರಿಯ ದಿನಚರಿಯಲ್ಲಿ ಬರೆದುಕೊಂಡ. ತನ್ನ ಅನ್ನಾಳನ್ನು ರೈಲಿನ ಕೆಳಗೆ ಕಳಿಸಿದವನ ಸಿಟ್ಟು ಅರ್ಥವಾಗುವಂಥದು. ಚೆಕಾವ್‌ನ ಅನ್ನಾ, ವೈದ್ಯರಿಗೆ ತೋರಿಸಬೇಕೆಂದು ಗಂಡನಿಗೆ ಹೇಳಿ, ಎರಡು ಮೂರು ತಿಂಗಳಿಗೊಮ್ಮೆ ಮಾಸ್ಕೋಗೆ ಬಂದು ಹೋಗುತ್ತಾಳೆ. ಆದರೆ ಚೆಕಾವ್ ತೀರ್ಪನ್ನು ಕೈಬಿಟ್ಟಿಲ್ಲ. ಅದನ್ನು ಕಲ್ಲಂಗಡಿಯ ಹೋಳಿನಲ್ಲಿ ಇಟ್ಟಿದ್ದಾನೆ. ಹೇಳದೆ ಧ್ವನಿಸುವುದನ್ನು ಮೆಚ್ಚುವ ನಮ್ಮ ಕಾವ್ಯಮೀಮಾಂಸೆಗೆ ಇದೇನೂ ಹೊಸದಲ್ಲ.

ಗುರೋವ್ ಕೊನೆಗೆ ಪೂರ್ತಿ ಬದಲಾದ ಎಂದು ಬರೆಯುವವರ ಮುಂದೆ ನಾನು ಇನ್ನೊಂದು ವಿವರ ಇಡುತ್ತೇನೆ. ಕೊನೆಯ ಹೋಟೆಲ್ ಕೋಣೆಯಲ್ಲೂ ಅನ್ನಾ ಅಳುತ್ತಾಳೆ. ಅತ್ತು ಮುಗಿಸಲಿ, ಅಲ್ಲಿಯವರೆಗೆ ಕೂತಿರುತ್ತೇನೆ ಎಂದುಕೊಂಡು ಗುರೋವ್ ಕುರ್ಚಿಯಲ್ಲಿ ಕೂರುತ್ತಾನೆ. ಗಂಟೆ ಬಾರಿಸಿ ಚಹಾ ತರಿಸಿ ಕುಡಿಯುತ್ತಾನೆ. ಅವಳು ಕಿಟಕಿಯ ಕಡೆ ಮುಖ ಮಾಡಿ ನಿಂತೇ ಇರುತ್ತಾಳೆ. ಕಲ್ಲಂಗಡಿ ಹೋಗಿ ಚಹಾ ಬಂದಿದೆ, ಅಷ್ಟೇನಾ? ಆಮೇಲೆ ಅವಳ ಭುಜ ಹಿಡಿದು ಕನ್ನಡಿಯಲ್ಲಿ ತನ್ನ ನರೆಗೂದಲು ಕಂಡಾಗ ಅವಳ ಬಗ್ಗೆ ಅವನಲ್ಲಿ ಮರುಕ ಹುಟ್ಟುವುದು ನಿಜ, ಯಾಲ್ಟಾದಲ್ಲಿ ಅವನಿಗೆ ಬಂದದ್ದು ಬರೀ ಬೇಸರ. ನನ್ನ ಮಟ್ಟಿಗೆ, ಪ್ರೀತಿ ಅವನ ಮನಸ್ಸಿಗೆ ತಲುಪಿದೆ, ಅಭ್ಯಾಸಗಳಿಗೆ ಇನ್ನೂ ತಲುಪಿಲ್ಲ. ಒಪ್ಪದವರು ಆ ಚಹಾಕ್ಕೆ ಬೇರೆ ವಿವರಣೆ ಕೊಡಲಿ.