ಮಳೆಗಾಲದ ಜ್ವರಕ್ಕೆ ಬೇಸಿಗೆಯಲ್ಲೇ ಲಸಿಕೆ

ಕಾಸರಗೋಡಿನಲ್ಲಿ ಶಾಲೆ ತೆರೆಯುವುದೂ ಮುಂಗಾರು ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೆ, ಜೂನ್ ಮೊದಲ ದಿನಗಳಲ್ಲಿ. ಕೆಲವು ವಾರಗಳಲ್ಲೇ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯ ಮಕ್ಕಳಲ್ಲಿ ಶೀತ, ಜ್ವರ, ಕೆಮ್ಮು ಶುರುವಾಗುತ್ತದೆ. ಆಟಿ ತಿಂಗಳ ಹೊತ್ತಿಗೆ ಅದೇ ಮನೆಯ ಅಜ್ಜ, ಅಜ್ಜಿ ಮಲಗಿರುತ್ತಾರೆ. ‘ಇವನು ಮಳೆಯಲ್ಲಿ ನೆನೆದ, ಡಾಕ್ಟರೇ’ ಎಂದು ತಾಯಂದಿರು ಮಗುವನ್ನು ಗದರುತ್ತಾರೆ. ಪಾಪ, ಮಗುವಿನ ತಪ್ಪಿಲ್ಲ. ವೈರಸ್ ಬರುವುದು ಇನ್ನೊಬ್ಬರ ಉಸಿರಿನಿಂದ, ಕೆಮ್ಮಿನಿಂದ. ಎರಚಲಿಗೆ ಹೆದರಿ ಕಿಟಕಿ ಮುಚ್ಚಿದ ತರಗತಿಯಲ್ಲಿ ಒಬ್ಬ ಕೆಮ್ಮಿದರೆ ಎಲ್ಲರೂ ಅದೇ ಗಾಳಿಯನ್ನು ಉಸಿರಾಡಬೇಕು.

ಈ ಜ್ವರಗಳಲ್ಲೊಂದಾದ ಇನ್‌ಫ್ಲುಯೆಂಜಾ (ಫ್ಲೂ) ಚಳಿಗಾಲದ ಕಾಯಿಲೆ ಎಂಬುದು ಯುರೋಪಿನ ಮಟ್ಟಿಗೆ ನಿಜ. ತಣ್ಣಗಿನ ಒಣಹವೆಯಲ್ಲಿ ಆ ವೈರಸ್ ಹೆಚ್ಚು ಹೊತ್ತು ಬದುಕುತ್ತದೆ. ಉಷ್ಣವಲಯದಲ್ಲಿ ಅದು ಮಳೆಯೊಂದಿಗೂ ಏರುತ್ತದೆ. ನಮ್ಮ ದೇಶವನ್ನೇ ನೋಡಿ: ಶ್ರೀನಗರದಲ್ಲಿ ಜನವರಿಯಿಂದ ಮಾರ್ಚ್, ಪುಣೆಯಲ್ಲಿ ಜುಲೈನಿಂದ ಸೆಪ್ಟೆಂಬರ್, ಹಿಂಗಾರು ಸುರಿಯುವ ಚೆನ್ನೈ, ವೆಲ್ಲೂರುಗಳಲ್ಲಿ ಅಕ್ಟೋಬರ್ ನಂತರ. ಕರಾವಳಿಯ ನಮಗೆ ಮುಂಗಾರೇ ಮುಖ್ಯ ಕಾಲ. ವರ್ಷಾರಂಭದಲ್ಲಿ ಇನ್ನೊಂದು ಸಣ್ಣ ಅಲೆ ಬರುವುದೂ ಉಂಟು.

ಇಷ್ಟೆಲ್ಲ ಹೇಳುವುದು ಲಸಿಕೆಯ ಕಾರಣಕ್ಕೆ. ‘ಇಲ್ಲಿ ಅಕ್ಟೋಬರ್‌ನಲ್ಲಿ ಹಾಕುತ್ತಾರೆ’ ಎಂದು ಗಲ್ಫಿನಲ್ಲಿರುವ ಮಗ ಫೋನಿನಲ್ಲಿ ಹೇಳುತ್ತಾನೆ, ಊರಿನ ತಂದೆಯೂ ಅಕ್ಟೋಬರ್‌ವರೆಗೆ ಕಾಯುತ್ತಾರೆ. ಮಗನಿಗೆ ಅದು ಸರಿ, ಅಲ್ಲಿ ಚಳಿಗಾಲ ಎದುರಿಗಿರುತ್ತದೆ. ತಂದೆಗೆ ಮಾತ್ರ ಮಳೆಗಾಲ ಕಳೆದೇ ಹೋಗಿರುತ್ತದೆ. ಲಸಿಕೆಯ ಬಲ ತಿಂಗಳುಗಳಲ್ಲಿ ಕುಂದುವುದರಿಂದ ಮುಂದಿನ ಜುಲೈಗೆ ಅದರ ರಕ್ಷಣೆ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಲಸಿಕೆಯಲ್ಲಿ ಇರಬೇಕಾದ ವೈರಸ್ ತಳಿಗಳನ್ನು ಸೂಚಿಸುತ್ತದೆ: ಉತ್ತರ ಗೋಳಾರ್ಧಕ್ಕೆ ಫೆಬ್ರವರಿಯಲ್ಲಿ, ದಕ್ಷಿಣ ಗೋಳಾರ್ಧಕ್ಕೆ ಸೆಪ್ಟೆಂಬರ್‌ನಲ್ಲಿ. ಸೂಚಿಸಿದ ಮೇಲೆ ಲಸಿಕೆ ತಯಾರಾಗಲು ತಿಂಗಳುಗಳೇ ಹಿಡಿಯುವುದರಿಂದ, ನಾವು ಭೂಪಟದಲ್ಲಿ ಉತ್ತರದವರಾದರೂ ಮುಂಗಾರಿಗೆ ಮೊದಲು ಕೈಗೆ ಸಿಗುವ ಹೊಸ ಲಸಿಕೆ ದಕ್ಷಿಣದ್ದೇ. ಏಪ್ರಿಲ್, ಮೇ ತಿಂಗಳಲ್ಲಿ ವೈದ್ಯರನ್ನು ಕೇಳಿ ಅದನ್ನೇ ಹಾಕಿಸಿಕೊಳ್ಳಿ. ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. 9 ವರ್ಷದೊಳಗಿನ ಮಗುವಿಗೆ ಮೊದಲ ಸಲವಾದರೆ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್, ಹಾಗಾಗಿ ಏಪ್ರಿಲ್‌ನಲ್ಲೇ ಆರಂಭಿಸುವುದು ಒಳ್ಳೆಯದು. ಗರ್ಭಿಣಿಯರು, ವಯಸ್ಸಾದವರು, ಸಕ್ಕರೆ ಕಾಯಿಲೆ, ಉಬ್ಬಸ ಇರುವವರು ಇದನ್ನು ಮುಂದೂಡಬಾರದು.

ಎಳೆಯ ಕೂಸುಗಳ ಸಂಗತಿ ಬೇರೆ. ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೇ ಆರ್‌ಎಸ್‌ವಿ ಎಂಬ ವೈರಸ್ ಅವರ ಸಣ್ಣ ಶ್ವಾಸನಾಳಗಳನ್ನು ಊದಿಸುತ್ತದೆ. ಫ್ಲೂ ಲಸಿಕೆ ಇದನ್ನು ತಡೆಯುವುದಿಲ್ಲ, ಆಂಟಿಬಯೋಟಿಕ್ ಸಿರಪ್ ಇದಕ್ಕೆ ನಾಟುವುದಿಲ್ಲ. ದಯವಿಟ್ಟು ಹಳೆಯ ಬಾಟಲಿಯನ್ನು ತೆರೆಯಬೇಡಿ. ಅಂಗಿ ಎತ್ತಿ, ಮಗು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ, ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಕುಡಿಯಲಾಗದಿದ್ದರೆ, ಮಳೆ ನಿಲ್ಲಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.