ಗಾಳಿ ತಾಗದ ನೀರು

ಹಡಗಿನಲ್ಲಿ ಕೆಲಸ ಎಂದರೆ ನಮ್ಮ ಕಾಸರಗೋಡಿನವರಿಗೆ ಮೊದಲು ಹೊಳೆಯುವುದು ಮರ್ಚಂಟ್ ನೇವಿ. ಉದುಮ, ಕೋಟಿಕುಳಂ ಕಡೆಯಿಂದ ಹಾಗೆ ಹೋದವರು ಬೇಕಾದಷ್ಟು ಮಂದಿ ಇದ್ದಾರೆ. ಹಾಗಾಗಿ ರಜೆಯಲ್ಲಿ ಕುಂಬಳೆಗೆ ಬಂದಾಗ ಯಾವುದಾದರೂ ಮದುವೆಯ ಹಂತಿಯಲ್ಲಿ ಪಕ್ಕದವರು ಕೇಳುವ ಪ್ರಶ್ನೆ ಒಂದೇ: "ಹಡಗಲ್ಲಿ ನಿನಗೆ ಎಂತ ಕೆಲಸ?"

"ನೀರು ತೆಗೆಯುವುದು."

"ನೀರು ತೆಗೀಲಿಕ್ಕೆ ಸರಕಾರ ಸಂಬಳ ಕೊಡ್ತದಾ ಭಾವ?"

ಕೊಡುತ್ತದೆ. ಹೆಚ್ಚೇನೂ ಅಲ್ಲ, ಆದರೆ ಕೊಡುತ್ತದೆ. ನಾನು ವಿಜ್ಞಾನಿ ಅಲ್ಲ, ಕೆಮಿಸ್ಟ್ರಿ ಬಿಎಸ್ಸಿ ಮುಗಿಸಿ ಸಾಗರ ಸಂಶೋಧನೆಗೆ ಸೇರಿದ ಟೆಕ್ನೀಶಿಯನ್. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿದ್ದು 1966ರಲ್ಲಿ. ಅದಾದ ಮೇಲೆ 'ಗವೇಷಣಿ', 'ಸಾಗರ್ ಕನ್ಯಾ', 'ಸಾಗರ್ ಸಂಪದಾ', 'ಸಿಂಧು ಸಾಧನಾ' ಎಂದು ಒಂದರ ಹಿಂದೆ ಒಂದು ಸಂಶೋಧನಾ ಹಡಗುಗಳು ನಮ್ಮ ಕಡಲಿಗೆ ಇಳಿದವು. ಹಡಗು ಯಾವುದೇ ಇರಲಿ, ರಸಾಯನ ವಿಭಾಗದವರು ಮಾಡುವುದು ಅದೇ ಕೆಲಸ. ಆಳದ ನೀರನ್ನು ಆಳದಲ್ಲಿ ಇದ್ದ ಹಾಗೆಯೇ ಮೇಲೆ ತರಬೇಕು.

ನಮ್ಮೂರಲ್ಲಿ ನೀರು ಬೇಕಾದರೆ ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆಯುತ್ತಾರೆ, ನೀರು ತಾನಾಗಿ ಹರಿದು ಬರುತ್ತದೆ. ಕಡಲಿನಲ್ಲಿ ಹಾಗೆ ಆಗುವುದಿಲ್ಲ. 400 ಮೀಟರ್ ಆಳದ ನೀರು ಬೇಕೆಂದು ತೆರೆದ ಕೊಡಪಾನ ಇಳಿಬಿಟ್ಟರೆ, ಮೇಲೆ ಬರುವಷ್ಟರಲ್ಲಿ ದಾರಿಯ ನೀರೆಲ್ಲ ಅದರೊಳಗೆ ಬೆರೆತಿರುತ್ತದೆ. ನಾರ್ವೆಯ ಫ್ರಿಡ್ಯೋಫ್ ನಾನ್ಸೆನ್ ಇದಕ್ಕೆ ಒಂದು ಲೋಹದ ಸೀಸೆ ಮಾಡಿದ್ದರು. ಮೇಲಿನಿಂದ ತಂತಿಯ ಗುಂಟ ಒಂದು ತೂಕದ ಗುಂಡು ಜಾರಿಬಿಟ್ಟರೆ ಸೀಸೆ ತಲೆಕೆಳಗಾಗಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. 1960ರ ದಶಕದಲ್ಲಿ ಬಂದ ನಿಸ್ಕಿನ್ ಸೀಸೆಯನ್ನು ನಾವು ಈಗಲೂ ಬಳಸುತ್ತೇವೆ. ಅದು ಎರಡೂ ತುದಿ ತೆರೆದ ಪ್ಲಾಸ್ಟಿಕ್ ಕೊಳವೆ. ಇಳಿಯುವಾಗ ನೀರು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಡುತ್ತದೆ. ಬೇಕಾದ ಆಳದಲ್ಲಿ ಎರಡೂ ಮುಚ್ಚಳ ಒಮ್ಮೆಗೇ ಬಡಿದು ಮುಚ್ಚುತ್ತವೆ. ಇಂಥ 12 ಅಥವಾ 24 ಸೀಸೆಗಳನ್ನು ಕಬ್ಬಿಣದ ಚೌಕಟ್ಟಿಗೆ ಸುತ್ತಲೂ ಕಟ್ಟಿ ವಿಂಚಿನಿಂದ ನಿಮಿಷಕ್ಕೆ ಸುಮಾರು 60 ಮೀಟರಿನಂತೆ ಇಳಿಸುತ್ತೇವೆ. 2000 ಮೀಟರಿಗೆ ಇಳಿಸಿ, ಅಲ್ಲಲ್ಲಿ ನಿಲ್ಲಿಸಿ ಮುಚ್ಚುತ್ತಾ ಮೇಲೆ ತರುವಷ್ಟರಲ್ಲಿ ಹೆಚ್ಚು ಕಡಿಮೆ ಎರಡು ಗಂಟೆ.

ಡೆಕ್ಕಿಗೆ ಬಂದ ಕೂಡಲೇ ಅದರ ಸುತ್ತ ಸಾಲು ನಿಲ್ಲುತ್ತದೆ. ರೇಷನ್ ಅಂಗಡಿಯಲ್ಲಿ ಬೇಕಾದರೆ ಗುರುತಿನವರು ನಡುವೆ ನುಗ್ಗಬಹುದು, ಇಲ್ಲಿ ಮುಖ್ಯ ವಿಜ್ಞಾನಿಗೂ ನುಗ್ಗಲು ಬಿಡುವುದಿಲ್ಲ. ಮೊದಲು ಆಮ್ಲಜನಕದವರು, ಆಮೇಲೆ ಇಂಗಾಲದ ಡೈಆಕ್ಸೈಡಿನವರು, ನಂತರ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಅಳೆಯುವವರು. ಉಪ್ಪಿನವರು ಎಲ್ಲರಿಗಿಂತ ಕೊನೆಗೆ. ಸೀಸೆಯ ನಲ್ಲಿ ಬಿಟ್ಟ ಕ್ಷಣದಿಂದ ಖಾಲಿಯಾದ ಜಾಗಕ್ಕೆ ಗಾಳಿ ನುಗ್ಗುತ್ತದೆ, ಅದು ಉಳಿದ ನೀರಿನಲ್ಲಿ ಕರಗತೊಡಗುತ್ತದೆ. ಉಪ್ಪಿಗೆ ಅಂಥ ಅವಸರ ಇಲ್ಲ. 1872ರಿಂದ 1876ರ ವರೆಗೆ ಲೋಕ ಸುತ್ತಿದ 'ಚಾಲೆಂಜರ್' ಹಡಗು ತಂದ 77 ಸೀಸೆ ನೀರನ್ನು ಆಮೇಲೆ ನಿಧಾನವಾಗಿ ಪರೀಕ್ಷಿಸಿ, ಎಲ್ಲ ಸಾಗರಗಳಲ್ಲೂ ಲವಣಗಳ ಪರಸ್ಪರ ಪ್ರಮಾಣ ಒಂದೇ ಎಂದು ವಿಲಿಯಂ ಡಿಟ್ಮಾರ್ ತೋರಿಸಿಕೊಟ್ಟರು. ಆಮ್ಲಜನಕವನ್ನು ಹಾಗೆ ಊರಿಗೆ ಒಯ್ದು ಅಳೆಯಲು ಬರುವುದಿಲ್ಲ.

ಅಳೆಯುವ ವಿಧಾನ ನನ್ನ ಅಜ್ಜನ ಅಜ್ಜನ ಕಾಲದ್ದು. 1888ರಲ್ಲಿ ಹಂಗೇರಿಯ ಲಾಯೋಶ್ ವಿಂಕ್ಲರ್ ಹೇಳಿಕೊಟ್ಟದ್ದು. ನಿಸ್ಕಿನ್ ಸೀಸೆಯ ನಲ್ಲಿಗೆ ರಬ್ಬರ್ ನಳಿಗೆ ಸಿಕ್ಕಿಸಿ, ಅದರ ತುದಿಯನ್ನು 125 ಮಿಲಿಲೀಟರಿನ ಗಾಜಿನ ಸೀಸೆಯ ತಳಕ್ಕೆ ಮುಟ್ಟಿಸಿ, ಗುಳ್ಳೆ ಏಳದಂತೆ ನೀರು ತುಂಬಿಸಬೇಕು. ತುಂಬಿದ ಮೇಲೂ ನಿಲ್ಲಿಸಬಾರದು, ಇನ್ನೂ ಎರಡು ಮೂರು ಸೀಸೆಯಷ್ಟು ನೀರು ಹೊರಚೆಲ್ಲಬೇಕು. ಕೂಡಲೇ ಒಂದು ಮಿಲಿಲೀಟರ್ ಮ್ಯಾಂಗನೀಸ್ ಕ್ಲೋರೈಡ್, ಒಂದು ಮಿಲಿಲೀಟರ್ ಕ್ಷಾರ ಮತ್ತು ಅಯೊಡೈಡ್ ಬೆರೆಸಿದ ದ್ರಾವಣ. ಮುಚ್ಚಳ ಹಾಕಿ ಕುಲುಕಿದರೆ ಒಳಗೆ ಮೋಡದಂಥ ಗಷ್ಟು ಏಳುತ್ತದೆ. ನೀರಿನಲ್ಲಿ ಆಮ್ಲಜನಕ ಇದ್ದರೆ ಗಷ್ಟು ಕಂದು, ಇಲ್ಲದಿದ್ದರೆ ಬಿಳಿ. ಅಲ್ಲಿಗೆ ಆಮ್ಲಜನಕ ಮ್ಯಾಂಗನೀಸಿಗೆ ಕಟ್ಟುಬಿದ್ದ ಹಾಗಾಯಿತು. ಮತ್ತೆ ಲ್ಯಾಬಿನಲ್ಲಿ ಆಮ್ಲ ಹಾಕಿದಾಗ ಇದ್ದ ಆಮ್ಲಜನಕದ ಲೆಕ್ಕಕ್ಕೆ ಸರಿಯಾಗಿ ಅಯೋಡಿನ್ ಬಿಡುಗಡೆಯಾಗುತ್ತದೆ. ಅದಕ್ಕೆ ಬ್ಯೂರೆಟ್ ಎಂಬ ಅಳತೆಗೆರೆಯ ಗಾಜಿನ ನಳಿಗೆಯಿಂದ, ಅಯೋಡಿನನ್ನು ಮುಗಿಸುವ ಥಯೋಸಲ್ಫೇಟ್ ಹನಿಸುತ್ತಾ, ಕೊನೆಗೆ ಸ್ವಲ್ಪ ಪಿಷ್ಟ ಸೇರಿಸಿದರೆ ಗಾಢ ನೀಲಿ. ಆ ನೀಲಿ ಒಂದೇ ಹನಿಗೆ ಮಾಯವಾಗುವ ಜಾಗದಲ್ಲಿ ಕೈ ನಿಲ್ಲಬೇಕು. ಅಷ್ಟರಲ್ಲಿ ಎಷ್ಟು ಥಯೋಸಲ್ಫೇಟ್ ಹಿಡಿಯಿತೋ ಅದರಿಂದ ಆಮ್ಲಜನಕದ ಲೆಕ್ಕ ಸಿಗುತ್ತದೆ; ಇದಕ್ಕೇ ಟೈಟ್ರೇಟ್ ಮಾಡುವುದು ಎನ್ನುವುದು. ಹೊಟ್ಟೆ ತೊಳಸುತ್ತಿರುವಾಗ ಅನ್ನದ ಗಂಜಿಯೂ ಇಳಿಯುವುದಿಲ್ಲ, ಆದರೂ ಸೀಸೆಗೆ ಗಂಜಿಯ ಪಿಷ್ಟ ಹನಿಸುವುದು ಬಿಡುವ ಹಾಗಿಲ್ಲ.

ಹಡಗಿನ ತಕ್ಕಡಿಯ ವಿಷಯ ಹೇಳದಿದ್ದರೆ ಆಗದು. ತೆರೆಯ ಮೇಲೆ ತೂಗುವ ಹಡಗಿನಲ್ಲಿ ಸೂಕ್ಷ್ಮ ತಕ್ಕಡಿ ಕೆಲಸಕ್ಕೆ ಬಾರದು, ಒಂದೇ ಪುಡಿ ಕ್ಷಣಕ್ಕೊಂದು ತೂಕ ತೋರಿಸುತ್ತದೆ. ಹಾಗಾಗಿ ಬೇಕಾದ ರಾಸಾಯನಿಕಗಳನ್ನೆಲ್ಲ ನೆಲದ ಮೇಲಿನ ಲ್ಯಾಬಿನಲ್ಲೇ ತೂಗಿ, ಪೊಟ್ಟಣ ಕಟ್ಟಿ, ಹೆಸರು ಬರೆದು ಹಡಗು ಹತ್ತಿಸುತ್ತೇವೆ. ಒಂದು ಪೊಟ್ಟಣ ಮರೆತರೆ ಮೂರು ವಾರ ಕೈ ಕಟ್ಟಿ ಕೂರಬೇಕು. ಅಂಗಡಿಗೆ ಓಡಲು ಅಲ್ಲಿ ಕುಂಬಳೆ ಪೇಟೆ ಇಲ್ಲ.

ಅರಬ್ಬಿ ಸಮುದ್ರದ ನಡುವೆ ನಿಂತು ಮೇಲಿನಿಂದ ಕೆಳಗಿನ ವರೆಗಿನ ಸೀಸೆಗಳನ್ನು ಸಾಲಾಗಿ ಇಟ್ಟಾಗ ಕಾಣುವ ಬಣ್ಣ ನನಗೆ ಇಂದಿಗೂ ಹಳತಾಗಿಲ್ಲ. ಮೇಲ್ಪದರದ ನೀರಿನದ್ದು ಗಟ್ಟಿ ಬೆಲ್ಲದ ಕಂದು. 100 ಮೀಟರ್ ದಾಟುತ್ತಿದ್ದಂತೆ ಹಾಲು ಹೆಚ್ಚಾದ ಚಾ. 200, 300, 500 ಮೀಟರಿನವು ಸುಣ್ಣದ ತಿಳಿಯಂತೆ ಬಿಳಿ. 1000 ಮೀಟರ್ ದಾಟಿ ಇನ್ನೂ ಕೆಳಗೆ ಹೋದರೆ ಮತ್ತೆ ಕಂದು! ಮೊದಲ ಸಲ ನೋಡಿದಾಗ ನಾನೇ ಸೀಸೆ ಅದಲು ಬದಲು ಮಾಡಿದೆ ಎಂದುಕೊಂಡಿದ್ದೆ. ತಪ್ಪು ನನ್ನದಲ್ಲ. ಅಡಿಯ ನೀರು ದಕ್ಷಿಣ ಧ್ರುವದ ಕಡೆಯ ಚಳಿಯಲ್ಲಿ ಗಾಳಿ ತುಂಬಿಕೊಂಡು ಮುಳುಗಿ ಇಲ್ಲಿಯ ತನಕ ಹರಿದು ಬಂದದ್ದು. ನಡುವಿನ ಪದರಕ್ಕೆ ಹಾಗೆ ಹೊಸ ಗಾಳಿ ಸರಿಯಾಗಿ ಬರುವುದಿಲ್ಲ. ಮೇಲಿನಿಂದ ಉದುರುವ ಸತ್ತ ಪಾಚಿ, ಜೀವಿಗಳ ಹಿಕ್ಕೆ ಇವನ್ನೆಲ್ಲ ಬ್ಯಾಕ್ಟೀರಿಯಾಗಳು ಅಲ್ಲೇ ಕೊಳೆಸುತ್ತವೆ, ಇದ್ದ ಆಮ್ಲಜನಕ ಅದಕ್ಕೇ ಮುಗಿದುಹೋಗುತ್ತದೆ. ಲೋಕದ ಅತಿ ದೊಡ್ಡ ಆಮ್ಲಜನಕ ಬರಗಾಲದ ವಲಯಗಳಲ್ಲಿ ನಮ್ಮ ಈ ಕಡಲೂ ಒಂದು.

ಈ ಬಿಳಿ ಸೀಸೆಗಳಲ್ಲೇ ನಮ್ಮ ಮಾನ ಇರುವುದು. ಒಂದು ಲೆಕ್ಕ ಹಾಕಿ ನೋಡಿ. ಮೇಲ್ಪದರದ ಬಿಸಿ ನೀರಿನಲ್ಲಿ ಲೀಟರಿಗೆ 6ರಿಂದ 7 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಸೀಸೆ ತುಂಬಿಸುವಾಗ 3 ಮಿಲಿಮೀಟರ್ ಅಗಲದ, ಒಂದು ಕೊತ್ತಂಬರಿ ಕಾಳಿನಷ್ಟು ಗುಳ್ಳೆ ಒಳಗೆ ಸಿಕ್ಕಿಕೊಂಡರೆ ಲೆಕ್ಕಕ್ಕೆ ಲೀಟರಿಗೆ ಸುಮಾರು 0.03 ಮಿಲಿಗ್ರಾಂ ಸೇರುತ್ತದೆ. ಮೇಲಿನ ನೀರಿಗೆ ಅದು ಶೇಕಡಾ ಅರ್ಧದಷ್ಟು ತಪ್ಪು, ಯಾರೂ ಜಗಳಾಡುವುದಿಲ್ಲ. ಆದರೆ ಸೊನ್ನೆ ಇರಬೇಕಾದ ನೀರಿನಲ್ಲಿ ಆ 0.03 ಎಲ್ಲಿಂದ ಬಂತು? ಕಡಲಿನಿಂದಲೋ, ನನ್ನ ಕೈಯಿಂದಲೋ? ಈ ಪ್ರಶ್ನೆ ಬಹಳ ಕಾಲ ಇತ್ತು. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಡೆನ್ಮಾರ್ಕಿನ ನೀಲ್ಸ್ ಪೀಟರ್ ರೆವ್ಸ್‌ಬೆಕ್ ಮತ್ತು ಸಂಗಡಿಗರು ನೂರಾರು ಪಟ್ಟು ಸೂಕ್ಷ್ಮವಾದ ಸಂವೇದಕವನ್ನು ಪೆರುವಿನ ಕಡಲಿಗೆ ಇಳಿಸಿ ನೋಡಿದರು. ವಿಂಕ್ಲರ್ ವಿಧಾನ 'ತುಸು ಇದೆ' ಎನ್ನುತ್ತಿದ್ದ ಕಡೆ ನಿಜಕ್ಕೂ ಏನೂ ಇರಲಿಲ್ಲವೆನ್ನುವಷ್ಟು ಕಡಿಮೆ. ಸೊನ್ನೆಯನ್ನು ಅಳೆಯುವುದು ಇಷ್ಟು ಕಷ್ಟ.

ತುಸು ಇದೆಯೋ ಪೂರ್ತಿ ಇಲ್ಲವೋ ಎಂಬುದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಎಂದರೆ, ಆಮ್ಲಜನಕ ಪೂರ್ತಿ ಮುಗಿದಾಗ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಉಸಿರಾಡಲು ಶುರು ಮಾಡುತ್ತವೆ. ನೈಟ್ರೇಟ್ ಒಡೆದು ನೈಟ್ರೈಟ್, ಮುಂದೆ ನೈಟ್ರಸ್ ಆಕ್ಸೈಡ್, ಕೊನೆಗೆ ಬರೀ ಸಾರಜನಕ. ನೈಟ್ರಸ್ ಆಕ್ಸೈಡ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುವ ಅನಿಲ. ನಡುವೆ ಹುಟ್ಟುವ ನೈಟ್ರೈಟಿಗೆ ನಮ್ಮ ಪಕ್ಕದ ಮೇಜಿನವರು ಎರಡು ದ್ರಾವಣ ಸೇರಿಸಿದರೆ ಚೆಂದದ ಗುಲಾಬಿ ಬಣ್ಣ ಬರುತ್ತದೆ. ನನ್ನ ಸೀಸೆ ಬಿಳಿ, ಅವರ ಸೀಸೆ ಗುಲಾಬಿ ಎಂದರೆ ಎರಡರ ಸಾಕ್ಷಿಯೂ ಕೂಡಿತು ಎಂದು ಅರ್ಥ. ನನ್ನದು ಕಂದು ಬಂದು ಅವರದ್ದು ಗಾಢ ಗುಲಾಬಿಯಾದರೆ ನಾನೇ ಎಲ್ಲೋ ಗಾಳಿ ತಾಗಿಸಿದ್ದೇನೆ.

ಇದು ನಡುಗಡಲಿನ ಕತೆಯಾಗಿಯೇ ಉಳಿದಿದ್ದರೆ ನಮ್ಮೂರಿಗೆ ಹೇಳುವ ಅಗತ್ಯ ಇರಲಿಲ್ಲ. ಆದರೆ ಮಳೆಗಾಲದಲ್ಲಿ ಕಡಲಿನ ಗಾಳಿ ಮತ್ತು ಪ್ರವಾಹಗಳ ಎಳೆತಕ್ಕೆ ದಡದ ಮೇಲ್ನೀರು ಹೊರಕ್ಕೆ ಸರಿದು, ಅಡಿಯ ತಣ್ಣನೆಯ, ಉಸಿರಿಲ್ಲದ ನೀರು ತೆವಳಿಕೊಂಡು ನಮ್ಮ ದಡದ ತಳಕ್ಕೇ ಬರುತ್ತದೆ. ಅದರ ಮೇಲೆ ನಮ್ಮ ಮಳೆ, ಚಂದ್ರಗಿರಿ, ಶಿರಿಯ ಹೊಳೆಗಳ ಸಿಹಿನೀರು ಹಗುರಾಗಿ ಹರಡಿ ಮುಚ್ಚಳ ಹಾಕಿದಂತೆ ಕೂರುತ್ತದೆ. ಮೇಲಿನ ಗಾಳಿ ಕೆಳಗೆ ಇಳಿಯುವಂತಿಲ್ಲ. ಸಾಗರ ವಿಜ್ಞಾನಿ ಎಸ್.ಡಬ್ಲ್ಯೂ.ಎ. ನಖ್ವಿ ಮತ್ತು ಸಹೋದ್ಯೋಗಿಗಳು 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದ ಪ್ರಕಾರ, ಹೀಗೆ ಆಮ್ಲಜನಕ ಕಳೆದುಕೊಳ್ಳುವ ಪಶ್ಚಿಮ ಕರಾವಳಿಯ ದಡಗಡಲು ಸುಮಾರು 1,80,000 ಚದರ ಕಿಲೋಮೀಟರ್. ಕೇರಳದ ದಕ್ಷಿಣಕ್ಕೆ ಆಮ್ಲಜನಕ ಕಡಿಮೆಯಾಗುತ್ತದೆ ಅಷ್ಟೆ. ಉತ್ತರಕ್ಕೆ ಗೋವಾದ ಕಡೆ ಹೋದಂತೆ ಸೆಪ್ಟೆಂಬರ್ ಹೊತ್ತಿಗೆ ತಳದಲ್ಲಿ ಪೂರ್ತಿ ಮುಗಿದು, ಸೀಸೆ ತೆರೆದರೆ ಕೊಳೆತ ಮೊಟ್ಟೆಯ ವಾಸನೆ ಬರುವುದೂ ಇದೆ. ಕಾಸರಗೋಡು ಇವೆರಡರ ನಡುವೆ. ಬೂತಾಯಿ ಮೀನು ತಿಂದು ಬೆಳೆದ ನಾವು ಇನ್ನೊಂದು ಮುಖವನ್ನೂ ಮರೆಯಬಾರದು: ಆ ಉಸಿರಿಲ್ಲದ ನೀರೇ ನೈಟ್ರೇಟ್, ಫಾಸ್ಫೇಟುಗಳ ಗೊಬ್ಬರ ಹೊತ್ತು ತರುತ್ತದೆ. ಅದರಿಂದ ಪಾಚಿ, ಪಾಚಿಯಿಂದ ಬೂತಾಯಿ.

ನನ್ನ ಮೊದಲ ಯಾನದಲ್ಲೇ ಒಂದು ತಪ್ಪು ಮಾಡಿದ್ದೆ. ಆಮ್ಲಜನಕದ ಸೀಸೆಗಳಲ್ಲಿ ಪ್ರತಿಯೊಂದಕ್ಕೂ ಅದರದ್ದೇ ಮುಚ್ಚಳ, ಎರಡರ ಮೇಲೂ ಒಂದೇ ನಂಬರು. ಮುಚ್ಚಳ ಬದಲಾದರೆ ಒಳಗಿನ ನೀರಿನ ಅಳತೆ ಬದಲಾಗುತ್ತದೆ, ಲೆಕ್ಕ ಕೆಡುತ್ತದೆ. ರಾತ್ರಿ ಮೂರು ಗಂಟೆಯ ಪಾಳಿಯಲ್ಲಿ 17ರ ಮುಚ್ಚಳ 71ಕ್ಕೆ ಹಾಕಿಬಿಟ್ಟೆ. ಹಿರಿಯ ಟೆಕ್ನೀಶಿಯನ್ ಬೈಯಲಿಲ್ಲ. ದಾಖಲೆ ಪುಸ್ತಕ ಮುಂದಿಟ್ಟು, "ನೀವೇ ಬರೆಯಿರಿ" ಎಂದರು. 1990ರ ದಶಕದ ಜಾಗತಿಕ ಸಾಗರ ಸಮೀಕ್ಷೆಯಿಂದ ಬಂದ ರೂಢಿ ಅದು: ಪ್ರತಿ ಅಳತೆಯ ಎದುರಿಗೆ ಒಂದು ಅಂಕೆ. 2 ಎಂದರೆ ಸರಿ, 3 ಎಂದರೆ ಸಂಶಯ, 4 ಎಂದರೆ ಕೆಟ್ಟದ್ದು. ಅಂದು ಎರಡೂ ಸೀಸೆಗೆ 4 ಬರೆದೆ.

ಹೋದ ಸೆಪ್ಟೆಂಬರಿನಲ್ಲಿ ರಜೆಗೆ ಬಂದಾಗ ಒಂದು ಸಣ್ಣ ನಿಸ್ಕಿನ್ ಸೀಸೆ, ಪೆಟ್ಟಿಗೆ ಕಟ್ಟಿಕೊಂಡು ಶಿರಿಯ ಅಳಿವೆಯಿಂದ ದೋಣಿಯಲ್ಲಿ ಹೊರಟಿದ್ದೆ. ದೋಣಿಯವರು ತುಳುವಿನಲ್ಲಿ ಮಾತಾಡುತ್ತಾ, ಮಳೆಗಾಲದ ಟ್ರಾಲಿಂಗ್ (ಎಳೆಬಲೆ ಮೀನುಗಾರಿಕೆ) ನಿಷೇಧದ 52 ದಿನ ಮುಗಿದ ಮೇಲೂ ಕೆಲವೊಮ್ಮೆ ಆಳದಲ್ಲಿ ಬಲೆ ಖಾಲಿ, ದಡದ ಹತ್ತಿರವೇ ನಂಗು ಮೀನು ಹೆಚ್ಚು ಎಂದರು. 25 ಮೀಟರ್ ಆಳದಲ್ಲಿ, ತಳಕ್ಕೆ ಹತ್ತಿರ, ಕೈಯಿಂದಲೇ ಹಗ್ಗ ಇಳಿಬಿಟ್ಟೆ. ಮೇಲೆ ಬಂದ ಸೀಸೆ ಮುಟ್ಟಿದರೆ ಕೈ ತಣ್ಣಗಾಯಿತು. ರೂಢಿಯಂತೆ ಒಂದೇ ನೀರಿನಿಂದ ಎರಡು ಸೀಸೆ ತುಂಬಿಸಿದೆ. ಎರಡನೆಯದಕ್ಕೆ ಮುಚ್ಚಳ ಹಾಕುವಾಗ ತೆರೆಯೊಂದು ದೋಣಿಯನ್ನು ಎತ್ತಿಹಾಕಿತು. ಗಷ್ಟು ಎರಡರಲ್ಲೂ ಬೆಳ್ಳಗೆ, ತೀರಾ ತೆಳುವಾದ ಚಾ ಬಣ್ಣ. ಕಣ್ಣಿಗೆ ವ್ಯತ್ಯಾಸವೇ ಇಲ್ಲ.

ಸಂಜೆ ಮನೆಯ ಜಗಲಿಯಲ್ಲಿ ಕೂತು ಟೈಟ್ರೇಟ್ ಮಾಡಿದೆ. ಮೀನು ಉಸಿರುಗಟ್ಟುವ ಮಟ್ಟವೆಂದು ಸಾಮಾನ್ಯವಾಗಿ ಹೇಳುವ ಲೀಟರಿಗೆ 2 ಮಿಲಿಗ್ರಾಂಗಿಂತ ಎರಡೂ ಕೆಳಗೆ. ಎರಡನೆಯದು ತುಸು ಹೆಚ್ಚು. ಸರಾಸರಿ ತೆಗೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೊದಲನೆಯದರ ಎದುರು 2 ಬರೆದೆ, ಎರಡನೆಯದರ ಎದುರು 3. ಪಕ್ಕದ ಷರಾದಲ್ಲಿ ಒಂದೇ ಶಬ್ದ: ಗುಳ್ಳೆ.