ತ್ಸಿಮ್‌ತ್ಸುಮ್: ಪೈ ಪಟೇಲನ ಹಡಗಿಗೆ ಆ ಹೆಸರು ಯಾಕೆ?

'ಲೈಫ್ ಆಫ್ ಪೈ' ಸಿನಿಮಾ ನೋಡಿದವರಿಗೆ ಹುಲಿ ನೆನಪಿರುತ್ತದೆ. ಹುಲಿಗೆ ರಿಚರ್ಡ್ ಪಾರ್ಕರ್ ಅಂತ ಮನುಷ್ಯನ ಹೆಸರಿದ್ದದ್ದೂ ನೆನಪಿರುತ್ತದೆ. ಆದರೆ ಮುಳುಗಿದ ಹಡಗಿನ ಹೆಸರೇನು ಅಂತ ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಆ ಹೆಸರು ತ್ಸಿಮ್‌ತ್ಸುಮ್. ಹಡಗು ಜಪಾನಿನದು, ಹೆಸರೂ ಕಿವಿಗೆ ಹಾಗೇ ಬೀಳುತ್ತದೆ. ಹಾಗಾಗಿ ಇದು ಜಪಾನಿ ಪದವೇ ಇರಬೇಕು ಅಂತ ನಾನೂ ಬಹಳ ದಿನ ನಂಬಿಕೊಂಡಿದ್ದೆ.

ಅಲ್ಲ, ಇದು ಹೀಬ್ರೂ ಪದ. ಕುಗ್ಗುವುದು, ಮುದುಡಿಕೊಳ್ಳುವುದು, ಹಿಂದೆ ಸರಿಯುವುದು ಎಂದು ಅರ್ಥ. ಯಹೂದಿಗಳ ಅನುಭಾವದ ಪರಂಪರೆಗೆ ಕಬಾಲ ಎನ್ನುತ್ತಾರೆ. ಜಗತ್ತು ಹೇಗೆ ಹುಟ್ಟಿತು ಎಂದು ಕಬಾಲ ಹೇಳುವ ಕಥೆಯ ಮೊದಲ ಹೆಜ್ಜೆಯೇ ಈ ತ್ಸಿಮ್‌ತ್ಸುಮ್. ನಾಲಿಗೆ ತೊಡರಿದರೆ ಸಿಮ್ಸುಮ್ ಅನ್ನಿ, ಪರವಾಗಿಲ್ಲ.

ಮೊದಲು ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಯಾನ್ ಮಾರ್ಟೆಲ್ ಬರೆದ ಕಾದಂಬರಿ 2001ರಲ್ಲಿ ಬಂತು, ಮರುವರ್ಷ ಬುಕರ್ ಪ್ರಶಸ್ತಿ ಪಡೆಯಿತು. ಆಂಗ್ ಲೀ ಅದನ್ನು 2012ರಲ್ಲಿ ಸಿನಿಮಾ ಮಾಡಿದರು. ಪಾಂಡಿಚೇರಿಯಲ್ಲಿ ಮೃಗಾಲಯ ನಡೆಸುತ್ತಿದ್ದ ಕುಟುಂಬವೊಂದು ಪ್ರಾಣಿಗಳ ಸಮೇತ ಕೆನಡಾಕ್ಕೆ ಹೊರಡುತ್ತದೆ. ಮನಿಲಾ ದಾಟಿದ ಮೇಲೆ ಹಡಗು ಮುಳುಗುತ್ತದೆ. ಹುಡುಗ ಪೈ ಒಂದು ಲೈಫ್‌ಬೋಟಿನಲ್ಲಿ ಬಂಗಾಳದ ಹುಲಿಯ ಜೊತೆ 227 ದಿನ ಕಳೆದು ಮೆಕ್ಸಿಕೋ ದಡ ಸೇರುತ್ತಾನೆ. ಹಿಂದೂ, ಕ್ರಿಶ್ಚಿಯನ್, ಮುಸ್ಲಿಂ ಮೂರೂ ತಾನೇ ಎನ್ನುವ ಹುಡುಗ ಅವನು. ದೊಡ್ಡವನಾದ ಮೇಲೆ ತನ್ನ ಕಥೆ ಕೇಳಲು ಬಂದ ಲೇಖಕನಿಗೆ ಊಟ ಬಡಿಸುತ್ತಾ, ವಿಶ್ವವಿದ್ಯಾಲಯದಲ್ಲಿ ಕಬಾಲದ ಬಗ್ಗೆ ಪಾಠ ಮಾಡುತ್ತೇನೆ ಅಂತ ಒಂದು ಮಾತು ಎಸೆಯುತ್ತಾನೆ. ತಮಾಷೆಯ ಧಾಟಿಯಲ್ಲಿ ಬಂದುಹೋಗುವ ಮಾತು. ಹಡಗಿನ ಹೆಸರಿನ ಬೀಗಕ್ಕೆ ಕೀಲಿ ಇರುವುದು ಅಲ್ಲೇ.

ಈ ಪದಕ್ಕೆ ಇಂದಿನ ಅರ್ಥ ಕೊಟ್ಟವರು ಕಬಾಲದ ಗುರು ಐಸಾಕ್ ಲೂರಿಯಾ. 1534ರಲ್ಲಿ ಜೆರುಸಲೇಮಿನಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ಬೆಳೆದು, 1570ರ ಸುಮಾರಿಗೆ ಈಗಿನ ಇಸ್ರೇಲಿನ ಗಲಿಲಾಯದ ಬೆಟ್ಟದ ಊರು ಸಫೆದ್‌ಗೆ ಬಂದರು. ಅಲ್ಲಿ ಪಾಠ ಹೇಳಿದ್ದು ಎರಡೇ ಎರಡು ವರ್ಷ. 1572ರಲ್ಲಿ ತೀರಿಕೊಂಡಾಗ ಅವರಿಗೆ 38. ತಾವಾಗಿ ಬರೆದಿಟ್ಟದ್ದು ತೀರಾ ಕಡಿಮೆ. ಕೇಳಿದ್ದನ್ನು ಬರೆದಿಟ್ಟವರಲ್ಲಿ ಮುಖ್ಯರು ಶಿಷ್ಯ ಹಯೀಮ್ ವಿಟಾಲ್. ಲೂರಿಯಾರನ್ನು ಜನ 'ಆರಿ' ಎಂದು ಕರೆಯುತ್ತಿದ್ದರು, ಅಂದರೆ ಸಿಂಹ. ಸಿಂಹ ಕೊಟ್ಟ ಹೆಸರಿನ ಹಡಗಿನಲ್ಲಿ ಹುಲಿ ಹೊರಟಿತು ಎಂದು ನನಗೆ ನಾನೇ ನಕ್ಕದ್ದುಂಟು. ಅದರಲ್ಲಿ ಗೂಢಾರ್ಥ ಏನೂ ಹುಡುಕಬೇಡಿ, ಸುಮ್ನೆ ಹೇಳಿದೆ.

ಲೂರಿಯಾ ಎತ್ತಿಕೊಂಡ ಪ್ರಶ್ನೆ ಮಕ್ಕಳು ಕೇಳುವಂಥದ್ದು. ದೇವರು ಎಲ್ಲ ಕಡೆಯೂ ತುಂಬಿಕೊಂಡಿದ್ದರೆ ಜಗತ್ತನ್ನು ಇಟ್ಟದ್ದೆಲ್ಲಿ? ಕಬಾಲದಲ್ಲಿ ದೇವರನ್ನು 'ಐನ್ ಸೋಫ್' ಎನ್ನುತ್ತಾರೆ, ಕೊನೆಯಿಲ್ಲದ್ದು ಎಂದು. ಕೊನೆಯೇ ಇಲ್ಲದ್ದರ ಹೊರಗೆ ಜಾಗ ಉಳಿಯುವುದಿಲ್ಲವಲ್ಲ. ಲೂರಿಯಾ ಕೊಟ್ಟ ಉತ್ತರ ಇದು: ಮೊಟ್ಟಮೊದಲು ದೇವರು ಏನನ್ನೂ ಮಾಡಲಿಲ್ಲ, ಸರಿದುಕೊಂಡ. ತನ್ನೊಳಗೇ ಮುದುಡಿ ನಡುವೆ ಒಂದು ಬರಿದು ಜಾಗ ಮಾಡಿದ. ಆ ಬರಿದಿನೊಳಗೆ ಬೆಳಕಿನ ಒಂದು ಎಳೆ ಇಳಿಯಿತು. ಜಗತ್ತು ಶುರುವಾದದ್ದು ಆಮೇಲೆ.

ನಮ್ಮ ಬಸ್ಸಿನ ಭಾಷೆಯಲ್ಲಿ ಹೇಳುವುದಾದರೆ 'ಸ್ವಲ್ಪ ಅಡ್ಜಸ್ಟ್ ಮಾಡಿ'. ಇಬ್ಬರ ಸೀಟಿನಲ್ಲಿ ಮೂರನೆಯವರಿಗೆ ಜಾಗ ಹುಟ್ಟುವುದು ಕೂತವರು ಮೈ ಮುದುಡಿಕೊಂಡರೆ ಮಾತ್ರ. ಲೂರಿಯಾ ಇದನ್ನು ಕೇಳಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರೋ ಏನೋ, ಆದರೆ ಸಂಗತಿ ಹೆಚ್ಚು ಕಡಿಮೆ ಅದೇ.

ಕನ್ನಡದವರಿಗೆ ಇಲ್ಲಿ ಬಸವಣ್ಣನವರ ವಚನವೊಂದು ನೆನಪಾಗದೆ ಇರದು. ಜಗತ್ತಿನಷ್ಟು, ಮುಗಿಲಿನಷ್ಟು, ಅದಕ್ಕೂ ಮಿಗಿಲಾದ ಅಗಲದ ಲಿಂಗ ಅಂಗೈಗೆ ಬಂದು 'ಚುಳುಕಾದಿರಯ್ಯಾ' ಎನ್ನುತ್ತಾರಲ್ಲ, ಅದು. ಚುಳುಕು ಅಂದರೆ ಕಿರಿದಾಗುವುದು. ಹಾಗಾದರೆ ತ್ಸಿಮ್‌ತ್ಸುಮ್‌ಗೆ ಕನ್ನಡದಲ್ಲಿ ಚುಳುಕು ಅಂದುಬಿಡೋಣವೇ? ಪೂರ್ತಿ ಹೊಂದುವುದಿಲ್ಲ, ಹೊಂದದಿರುವ ಕಡೆಯೇ ಮಜಾ ಇದೆ. ಲೂರಿಯಾಗಿಂತ ಹಿಂದಿನ ಯಹೂದಿ ಗುರುಗಳು ಈ ಪದದ ಮೂಲವನ್ನು ಬಳಸುತ್ತಿದ್ದದ್ದು ಚುಳುಕಾಗುವ ಅರ್ಥದಲ್ಲೇ. ಲೋಕವನ್ನೆಲ್ಲ ತುಂಬಿದ ದೇವರು ಪ್ರವಾದಿ ಮೋಶೆಯ ಗುಡಾರದೊಳಗಿನ ಮಂಜೂಷದ, ಅಂದರೆ ಪವಿತ್ರ ಪೆಟ್ಟಿಗೆಯ ಮೇಲೆ, ಇಷ್ಟೇ ಇಷ್ಟು ಜಾಗದಲ್ಲಿ ತನ್ನನ್ನು ಅಡಗಿಸಿಕೊಂಡ ಎಂದು ಅವರು ಹೇಳುತ್ತಿದ್ದರು. ಲೂರಿಯಾ ಅದನ್ನು ತಿರುಗಿಸಿಟ್ಟರು. ವಚನದಲ್ಲಿ ದೇವರು ಚಿಕ್ಕದಾಗಿ ನಮ್ಮ ಕೈಗೇ ಬರುತ್ತಾನೆ. ಲೂರಿಯಾನಲ್ಲಿ ದೇವರು ಚಿಕ್ಕದಾಗಿ ಆಚೆ ಹೋಗುತ್ತಾನೆ, ನಮ್ಮ ಕಡೆ ಉಳಿಯುವುದು ಖಾಲಿ ಜಾಗ. ಒಂದು ಅಪ್ಪಿಕೊಳ್ಳುವ ಮಾತು, ಇನ್ನೊಂದು ಬಿಟ್ಟುಹೋಗುವ ಮಾತು.

ಬಿಟ್ಟುಹೋಗುವ ಮಾತು ಆ ಕಾಲದಲ್ಲೇ ಯಾಕೆ ಹುಟ್ಟಿತು? ಕಬಾಲವನ್ನು ಚರಿತ್ರೆಯ ಕಣ್ಣಿನಿಂದ ಓದಿದ ದೊಡ್ಡ ವಿದ್ವಾಂಸ ಗೆರ್ಶೋಮ್ ಶೋಲೆಮ್ ಇದಕ್ಕೊಂದು ಕಾರಣ ಕೊಡುತ್ತಾರೆ. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರಹಾಕಿತು. ಮನೆ ಮಠ ಬಿಟ್ಟು ಅಲೆದವರ ಮಕ್ಕಳು ಮೊಮ್ಮಕ್ಕಳು ಸಫೆದ್‌ನಲ್ಲಿ ನೆಲೆಸಿದ್ದರು. ಅವರ ನಡುವೆ ಬೆಳೆದ ಕಥೆಯಲ್ಲಿ ದೇವರೇ ಮೊದಲ ವಲಸಿಗ, ತನ್ನಿಂದ ತಾನೇ ದೂರ ಹೋದವನು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪುವುದಿಲ್ಲ. ಆದರೆ ಪೈಯ ಕುಟುಂಬವೂ ಊರು ಬಿಟ್ಟು, ಮೃಗಾಲಯ ಮುಚ್ಚಿ ಹೊರಟದ್ದು ಎಂದು ನೆನೆದರೆ ಶೋಲೆಮ್ ಮಾತು ಸಿನಿಮಾಕ್ಕೆ ಚೆನ್ನಾಗಿ ಕೂರುತ್ತದೆ.

ಲೂರಿಯಾನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಬರಿದು ಜಾಗದಲ್ಲಿ ದೇವರ ಬೆಳಕನ್ನು ಹಿಡಿಯಲು ಪಾತ್ರೆಗಳಿದ್ದವು. ಬೆಳಕಿನ ಭಾರ ತಡೆಯದೆ ಅವು ಒಡೆದವು. ಚೂರುಗಳು ಚೆಲ್ಲಾಪಿಲ್ಲಿಯಾದವು, ಚೂರುಗಳಿಗೆ ಬೆಳಕಿನ ಕಿಡಿಗಳು ಅಂಟಿಕೊಂಡವು. ಆ ಕಿಡಿಗಳನ್ನು ಹೆಕ್ಕಿ ಮತ್ತೆ ಒಟ್ಟುಮಾಡುವುದು ಮನುಷ್ಯರ ಕೆಲಸ. ಅದಕ್ಕೆ 'ತಿಕ್ಕುನ್' ಎನ್ನುತ್ತಾರೆ. ಅಚ್ಚ ಕನ್ನಡದಲ್ಲಿ ರಿಪೇರಿ. ಪಾತ್ರೆಗೂ ಹಡಗಿಗೂ ಇಂಗ್ಲಿಷಿನಲ್ಲಿ 'ವೆಸೆಲ್' ಎಂದು ಒಂದೇ ಪದ ಇದೆ ಎನ್ನುವುದು ಇಂಗ್ಲಿಷಿನಲ್ಲಿ ಬರೆದ ಮಾರ್ಟೆಲ್‌ಗೆ ಹೊಳೆಯದೆ ಇದ್ದೀತೇ! ಕನ್ನಡದಲ್ಲಿ ಆ ಶ್ಲೇಷೆ ಸಿಗುವುದಿಲ್ಲ. ಪಾತ್ರೆ ಪಾತ್ರೆಯೇ, ಹಡಗು ಹಡಗೇ.

ಈಗ ಸಿನಿಮಾಕ್ಕೆ ಬರೋಣ. ಭೂಮಿಯ ಅತ್ಯಂತ ಆಳದ ಜಾಗವಾದ ಮರಿಯಾನಾ ಕಂದಕದ ಮೇಲೆ ಹಡಗು ಮುಳುಗುತ್ತದೆ. ಅಪ್ಪ, ಅಮ್ಮ, ಅಣ್ಣ ಎಲ್ಲರೂ ಹೋದರು. ಉಳಿದದ್ದು ನೀರು, ಆಕಾಶ, ಒಂದು ದೋಣಿ. ಲೂರಿಯಾ ಹೇಳಿದ ಬರಿದು ಜಾಗ ಇದೇ. ಸಿನಿಮಾದ ಮೊದಲ ಭಾಗದಲ್ಲಿ ದೇವರುಗಳ ಜಾತ್ರೆಯೇ ಇತ್ತು. ಬಾಯೊಳಗೆ ಬ್ರಹ್ಮಾಂಡ ತೋರಿಸುವ ಕೃಷ್ಣ, ಕಡಲ ಮೇಲೆ ಮಲಗಿದ ವಿಷ್ಣು, ಬೆಟ್ಟದ ಊರಿನ ಇಗರ್ಜಿಯ ಕ್ರಿಸ್ತ, ಮಸೀದಿಯ ನಮಾಜು. ಸಮುದ್ರದಲ್ಲಿ ಅವರು ಯಾರೂ ಬಂದು ಕಾಪಾಡುವುದಿಲ್ಲ. ಕೈಗೆ ಸಿಕ್ಕಿದ್ದು ಒಂದು ದೊಡ್ಡ ಮೀನು. ಹುಟ್ಟಿನಿಂದ ಸಸ್ಯಾಹಾರಿಯಾದ ಹುಡುಗ ಅದನ್ನು ಅಳುತ್ತಾ ಹೊಡೆದು ಕೊಲ್ಲುತ್ತಾನೆ. ಆಮೇಲೆ, ಮೀನಿನ ರೂಪದಲ್ಲಿ ಬಂದೆಯಲ್ಲ ಎಂದು ವಿಷ್ಣುವಿಗೆ ಕೈಮುಗಿಯುತ್ತಾನೆ. ಮತ್ಸ್ಯಾವತಾರ ಗೊತ್ತಿರುವ ನಮಗೆ ಈ ಮಾತು ಒಳಗೆಲ್ಲೋ ತಾಗುತ್ತದೆ. ಒಡೆದ ಪಾತ್ರೆಯ ಚೂರಿನಲ್ಲಿ ಕಿಡಿ ಹೆಕ್ಕುವುದು ಅಂದರೆ ಹೀಗೇ ಇರಬೇಕು.

ದೇವರು ನಿಜವಾಗಿಯೂ ಆಚೆ ಹೋದನೋ, ಹೋದ ಹಾಗೆ ಕಾಣುತ್ತಾನೋ? ಇದರ ಮೇಲೆ ಯಹೂದಿ ಗುರುಗಳೇ ಎರಡು ಪಕ್ಷವಾದರು. ಹಸೀದಿ ಎನ್ನುವುದು ಯಹೂದಿಗಳ ಒಂದು ಭಕ್ತಿ ಪಂಥ. ಹದಿನೆಂಟನೇ ಶತಮಾನದ ಹಸೀದಿ ಗುರು ಷ್ನೂರ್ ಝಲ್ಮನ್, ತ್ಸಿಮ್‌ತ್ಸುಮ್ ಅನ್ನು ಅಕ್ಷರಶಃ ಹಿಡಿಯಬೇಡಿ ಎಂದರು. ದೇವರು ಎಲ್ಲೂ ಹೋಗಿಲ್ಲ, ಮರೆಯಾಗಿದ್ದಾನೆ ಅಷ್ಟೇ, ನಮ್ಮ ಕಣ್ಣು ತಡೆದುಕೊಳ್ಳಲಿ ಅಂತ. ಬಿರುಗಾಳಿಯ ದೃಶ್ಯದಲ್ಲಿ ಈ ಜಗಳ ಪೂರ್ತಿ ಪೈಯ ಬಾಯಲ್ಲೇ ನಡೆಯುತ್ತದೆ. ಮೊದಲು ಮಿಂಚು ನೋಡಿ ಕುಣಿಯುತ್ತಾನೆ, ದೇವರೇ ಬಂದ ಅಂತ. ಹುಲಿಗೂ ತೋರಿಸಲು ಹೋಗುತ್ತಾನೆ. ಹುಲಿ ಹೆದರಿ ಮುದುಡಿಕೊಳ್ಳುತ್ತದೆ. ಆಗ ಅವನ ದನಿ ಬದಲಾಗುತ್ತದೆ. ಅದನ್ಯಾಕೆ ಹೆದರಿಸುತ್ತೀ, ನನ್ನದೆಲ್ಲ ಕಿತ್ತುಕೊಂಡಾಯಿತಲ್ಲ, ಇನ್ನೇನು ಬೇಕು ಎಂದು ಆಕಾಶಕ್ಕೆ ಕೂಗುತ್ತಾನೆ. ಇಲ್ಲದವನ ಜೊತೆ ಯಾರೂ ಹೀಗೆ ಜಗಳ ಆಡುವುದಿಲ್ಲ.

ಸಿನಿಮಾದಲ್ಲಿ ಈ ಪದ ನನಗೆ ಕೈಗೆ ಸಿಕ್ಕಿದ್ದು ಮಾತ್ರ ಇನ್ನೊಂದು ಕಡೆ. ದೋಣಿಯಲ್ಲಿ ಹುಲಿ ಇದೆ. ಪೈ ಹುಟ್ಟುಗೋಲು, ಲೈಫ್‌ಜಾಕೆಟ್ ಎಲ್ಲ ಕಟ್ಟಿ ಒಂದು ತೆಪ್ಪ ಮಾಡಿ, ದೋಣಿಗೆ ಹಗ್ಗ ಬಿಗಿದು, ತಾನು ಅದರ ಮೇಲೆ ಹೋಗಿ ಕೂರುತ್ತಾನೆ. ಹುಲಿಗೆ ದೋಣಿ, ಮಾಲೀಕನಿಗೆ ತೆಪ್ಪ! ಒಮ್ಮೆ ಹುಲಿ ಮೀನಿಗಾಗಿ ನೀರಿಗೆ ಹಾರುತ್ತದೆ, ಮತ್ತೆ ದೋಣಿ ಹತ್ತಲಾಗದೆ ಒದ್ದಾಡುತ್ತದೆ. ಪೈ ಕೈಯಲ್ಲಿ ಕೊಡಲಿ ಇದೆ. ಒಂದು ಏಟು ಹಾಕಿದ್ದರೆ ಕಥೆ ಮುಗಿಯುತ್ತಿತ್ತು. ಕಣ್ಣಿಗೆ ಕಣ್ಣು ಸೇರುತ್ತದೆ, ಕೈ ಏಳುವುದಿಲ್ಲ. ಕೊನೆಗೆ ಅದು ಮೇಲೆ ಹತ್ತಲು ತಾನೇ ದಾರಿ ಮಾಡಿಕೊಡುತ್ತಾನೆ. ಹುಲಿ ಇಲ್ಲದಿದ್ದರೆ ನಾನು ಯಾವತ್ತೋ ಸಾಯುತ್ತಿದ್ದೆ ಎಂದು ಆಮೇಲೆ ಅವನೇ ಹೇಳುತ್ತಾನೆ. ಇನ್ನೊಂದು ಜೀವ ಇರಲಿ ಅಂತ ತಾನು ಸರಿದುಕೊಳ್ಳುವುದು, ಸರಿದರೂ ಹಗ್ಗ ಬಿಡದಿರುವುದು. ಕಬಾಲದ ಪುಸ್ತಕಗಳನ್ನು ಓದಿ ತಲೆ ಬಿಸಿ ಮಾಡಿಕೊಂಡದ್ದಕ್ಕಿಂತ ಆ ತೆಪ್ಪ, ಆ ಹಗ್ಗ ನೋಡಿ ನನಗೆ ತ್ಸಿಮ್‌ತ್ಸುಮ್ ಜಾಸ್ತಿ ಅರ್ಥವಾಯಿತು.

ಹುಲಿಯ ಹೆಸರಿನಲ್ಲೂ ಒಂದು ಗುಟ್ಟಿದೆ. ಮರಿಯಾಗಿದ್ದಾಗ ಬೇಟೆಗಾರ ಅದಕ್ಕಿಟ್ಟ ಹೆಸರು ಬಾಯಾರಿದವ ಅನ್ನುವ ಅರ್ಥದ್ದು. ಕಾಗದಪತ್ರದಲ್ಲಿ ಅದಲುಬದಲಾಗಿ ಬೇಟೆಗಾರನ ಹೆಸರು ಹುಲಿಗೆ ಬಂತು. ಇಗರ್ಜಿಗೆ ನುಗ್ಗಿದ ಪುಟ್ಟ ಪೈಗೆ ಪಾದ್ರಿ ಹೇಳುವ ಮೊದಲ ಮಾತೂ 'ನಿನಗೆ ಬಾಯಾರಿರಬೇಕು' ಎಂದೇ. ಹುಡುಗನೂ ಹುಲಿಯೂ ಒಂದೇ ಎನ್ನುವ ಸುಳಿವು ಅಲ್ಲೇ ಬಿದ್ದಿರುತ್ತದೆ. ಇನ್ನು ರಿಚರ್ಡ್ ಪಾರ್ಕರ್ ಅನ್ನುವ ಹೆಸರು ಬಂದದ್ದು ಇತಿಹಾಸದಿಂದ. 1884ರಲ್ಲಿ ಮಿನ್ಯೊನೆಟ್ ಎಂಬ ಹಡಗು ಮುಳುಗಿ ನಾಲ್ವರು ದೋಣಿಯಲ್ಲಿ ಉಳಿದರು. ಹಸಿವು ತಾಳದೆ ಕೊಂದು ತಿಂದದ್ದು ಅವರಲ್ಲಿ ಎಲ್ಲರಿಗಿಂತ ಕಿರಿಯವನಾದ, 17 ವರ್ಷದ ಹುಡುಗನನ್ನು. ಅವನ ಹೆಸರು ರಿಚರ್ಡ್ ಪಾರ್ಕರ್. ಇದು ಗೊತ್ತಿದ್ದವರಿಗೆ ಪೈ ಕೊನೆಗೆ ಹೇಳುವ ಇನ್ನೊಂದು ಕಥೆ, ಪ್ರಾಣಿಗಳಿಲ್ಲದ, ಅಡುಗೆಯವನೂ ಅಮ್ಮನೂ ಇರುವ ಆ ಕಥೆ, ಕೇಳುವ ಮೊದಲೇ ಮೈ ನಡುಗಿಸುತ್ತದೆ.

ಎರಡು ಕಥೆಗಳಲ್ಲಿ ನಿಮಗೆ ಯಾವುದು ಇಷ್ಟ ಎಂದು ಪೈ ಕೇಳುತ್ತಾನೆ. ಹುಲಿಯದ್ದು ಎನ್ನುತ್ತಾನೆ ಲೇಖಕ. ದೇವರ ವಿಷಯವೂ ಹಾಗೇ ಎನ್ನುತ್ತಾನೆ ಪೈ. ಈ ಮಾತನ್ನು ಮೆಚ್ಚಿದವರು ಬಹಳ. ನನಗೆ ಅದು ಸ್ವಲ್ಪ ಸಲೀಸಾಯಿತು ಅನ್ನಿಸಿತು. ನಂಬಿಕೆ ಅಂದರೆ ಮೆನು ಕಾರ್ಡ್ ನೋಡಿ ಚೆಂದದ್ದನ್ನು ಆರಿಸಿಕೊಂಡ ಹಾಗಾಗಲಿಲ್ಲವೇ? ಅದಕ್ಕಿಂತ ಹೆಚ್ಚು ಕಾಡಿದ್ದು ಆ ಪ್ರಶ್ನೆಗೆ ತುಸು ಮುಂಚೆ ಅವನು ಆಡುವ ಮಾತು. ಪೈ ಮಲಗಿದ್ದ ಮೆಕ್ಸಿಕೋದ ಆಸ್ಪತ್ರೆಗೆ ಹಡಗಿನ ವಿಚಾರಣೆಗೆಂದು ಜಪಾನಿನಿಂದ ಇಬ್ಬರು ಬಂದಿದ್ದರಲ್ಲ, ಅವರು ಹುಲಿಯ ಕಥೆಗಾಗಿ ಬಂದವರಲ್ಲ. ಅವರಿಗೆ ಬೇಕಿದ್ದದ್ದು ಒಂದೇ ಉತ್ತರ: ತ್ಸಿಮ್‌ತ್ಸುಮ್ ಯಾಕೆ ಮುಳುಗಿತು? ಪೈ ಒಂದಲ್ಲ, ಎರಡು ಕಥೆ ಹೇಳಿದ. ಎರಡರಲ್ಲೂ ಆ ಉತ್ತರ ಇರಲಿಲ್ಲ.